ಮೂರು ಚುಕ್ಕಿಗಳ ಪಕ್ಕದ ದೀಪ

ಶ್ರೀರಮಾ ಏನು ಕೆಲಸ ಮಾಡುತ್ತಾಳೆ ಎಂದು ಕಾಶಿಯ ಅಸ್ಸಿ ಘಾಟಿನ ಆ ಗಲ್ಲಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೂಲೆಯ ಚಹಾದಂಗಡಿಯವನ ಪ್ರಕಾರ ಅವಳು ಹವಾಮಾನ ಇಲಾಖೆಯವಳು. ದಿನಾ ಸಂಜೆ ಕುತ್ತಿಗೆ ಎತ್ತಿ ಮೋಡ ನೋಡುತ್ತಾಳಲ್ಲ, ಅದಕ್ಕೆ. ಎದುರು ಮನೆಯ ಹೆಂಗಸು ಅವಳನ್ನು ಜ್ಯೋತಿಷಿ ಎಂದೇ ನಂಬಿ ಮೊಮ್ಮಗಳ ಜಾತಕ ಹಿಡಿದು ಎರಡು ಸಲ ಬಂದು ಹೋಗಿದ್ದಾಳೆ. ಸ್ವಂತ ಅಣ್ಣ ಬದರಿಯೇ, ಕರ್ನಾಟಕದಿಂದ ಬಂದ ಯಾತ್ರಿಕರು ಕೇಳಿದರೆ, "ನಮ್ಮ ತಂಗಿ ಕಂಪ್ಯೂಟರಿನಾಗ ಚುಕ್ಕಿ ಎಣಿಸ್ತಾಳ" ಎಂದುಬಿಡುತ್ತಾನೆ. ತಮಾಷೆಗೆ ಅಂದರೂ ಸತ್ಯಕ್ಕೆ ಹತ್ತಿರ ಬಂದವನು ಅವನೊಬ್ಬನೇ.

ಮುತ್ತಜ್ಜನ ಕಾಲಕ್ಕೆ ರಾಯಚೂರು ಕಡೆಯಿಂದ ಕಾಶಿಗೆ ಬಂದು ನೆಲೆಸಿದ ಮನೆತನ ಅದು. ದಕ್ಷಿಣದಿಂದ ಅಸ್ಥಿ ಹಿಡಿದು ಬಂದವರಿಗೆ, ಪಿಂಡ ಇಡಲು ಬಂದವರಿಗೆ ಕನ್ನಡದಲ್ಲಿ ಸಂಕಲ್ಪ ಹೇಳಿಸಿ, ಮಹಡಿಯ ಕೋಣೆಯಲ್ಲಿ ಇಳಿಸಿಕೊಂಡು, ಮೂರು ಹೊತ್ತು ಸಾರನ್ನ ಬಡಿಸುವುದು ವಂಶದ ಕಸುಬು. ತಂದೆ ವಾಸುದೇವಾಚಾರ್ಯರು ತೀರಿಕೊಂಡ ಮೇಲೆ ಬದರಿ ಅದನ್ನೇ ಮುಂದುವರಿಸಿದ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಬದರಿಯ ಮಕ್ಕಳಿಗಂತೂ ಹೊಸ್ತಿಲ ಒಳಗೂ ಹಿಂದಿಯೇ. ಶ್ರೀರಮಾ ಮಾತ್ರ ಅಮ್ಮ ಕೃಷ್ಣಮ್ಮನ ಬೆನ್ನಿಗಂಟಿಕೊಂಡು ಬೆಳೆದದ್ದರಿಂದ ಅಮ್ಮನ ಕನ್ನಡವನ್ನೇ ಅರ್ಧಂಬರ್ಧ ಆಡುತ್ತಾಳೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಳು. ಮದುವೆಯ ಮಾತು ನಾಲ್ಕಾರು ಸಲ ಬಾಗಿಲವರೆಗೆ ಬಂದು ಹೋಯಿತು. ಕಾಶಿಯಲ್ಲಿ ಹುಟ್ಟಿದ ಹುಡುಗಿ ಎಂದು ರಾಯಚೂರಿನವರು, ರಾಯಚೂರಿನ ಮಂದಿ ಎಂದು ಕಾಶಿಯವರು ಹಿಂದೆ ಸರಿದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳ ಕೆಲಸ ಇಷ್ಟು. ಎಲ್ಲೋ ಊಹೆಗೆ ನಿಲುಕದಷ್ಟು ದೂರದಲ್ಲಿ ದೊಡ್ಡದೊಂದು ನಕ್ಷತ್ರ ತನ್ನೊಳಗೇ ಕುಸಿದು ಸಾಯುತ್ತದೆ. ಸಾಯುವಾಗ ಗಾಮಾ ಕಿರಣಗಳ ಒಂದು ಸಿಡಿತ. ಕೆಲವು ಸೆಕೆಂಡು, ಮುಗಿಯಿತು. ಆ ಕಿರಣ ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಇಳಿಯುವುದಿಲ್ಲ. ಮೇಲೆ ಸುತ್ತುವ ಉಪಗ್ರಹ ಅದನ್ನು ಹಿಡಿದು, ಆಕಾಶದ ಇಂಥ ಕಡೆ ಸಿಡಿಯಿತು ಎಂದು ಭೂಮಿಗೆ ಸುದ್ದಿ ಮುಟ್ಟಿಸುತ್ತದೆ. ಸಿಡಿತದ ಹಿಂದೆ ಮಾಮೂಲಿ ಬೆಳಕು ಒಂದಿಷ್ಟು ಹೊತ್ತು ಉಳಿದಿರುತ್ತದೆ, ಗಂಟೆಗಟ್ಟಲೆ, ಪುಣ್ಯವಿದ್ದರೆ ಒಂದೆರಡು ದಿನ. ಅದು ಆರುವುದರೊಳಗೆ ನೆಲದ ಮೇಲಿನ ದೂರದರ್ಶಕಗಳು ಆ ಕಡೆ ತಿರುಗಿ ಹುಡುಕಬೇಕು. ಹಿಮಾಲಯದ ಒಂದು ಬೆಟ್ಟದ ಮೇಲಿನ ಸಣ್ಣ ದೂರದರ್ಶಕ ತೆಗೆದ ಚಿತ್ರ ಶ್ರೀರಮಾಳ ಮನೆಯ ಕಂಪ್ಯೂಟರಿಗೆ ಬರುತ್ತದೆ. ಅದೇ ಜಾಗದ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಹಳೆಯದರಲ್ಲಿ ಇಲ್ಲದ ಚುಕ್ಕಿ ಹೊಸದರಲ್ಲಿ ಇದೆಯೇ ಎಂದು ಅವಳು ನೋಡಬೇಕು. ಇದ್ದರೆ 'ಕಂಡಿತು' ಎಂದು, ಇಲ್ಲದಿದ್ದರೆ 'ಕಾಣಲಿಲ್ಲ' ಎಂದು ಜಗತ್ತಿಗೆಲ್ಲ ಬರೆದು ತಿಳಿಸಬೇಕು.

ಇಷ್ಟು ವರ್ಷದಲ್ಲಿ ಅವಳು ಬರೆದದ್ದೆಲ್ಲ 'ಕಾಣಲಿಲ್ಲ'. ಈ ಹುಡುಕಾಟದ ಯೋಜನೆಯಲ್ಲಿ ಇದ್ದವರು ಐದು ಜನ, ಸರದಿಯ ಮೇಲೆ ಕೆಲಸ. ಉಳಿದ ನಾಲ್ವರಿಗೂ ಒಂದಲ್ಲ ಒಂದು ಸಲ ಬೆಳಕು ಸಿಕ್ಕಿತ್ತು. ಇವಳ ಸರದಿ ಬಂದರೆ ಬೆಟ್ಟದ ಮೇಲೆ ಮೋಡ, ಇಲ್ಲವೇ ಹುಣ್ಣಿಮೆ, ಇಲ್ಲವೇ ಸಿಡಿತವಾದ ಜಾಗ ಆಗಲೇ ದಿಗಂತದ ಕೆಳಗೆ. ಕಾಣಲಿಲ್ಲ ಎನ್ನುವುದೂ ಒಂದು ಸುದ್ದಿಯೇ, ಅದರಿಂದಲೂ ವಿಜ್ಞಾನಕ್ಕೆ ಉಪಯೋಗವಿದೆ ಎಂದು ಯೋಜನೆಯ ಹಿರಿಯರು ಸಮಾಧಾನ ಹೇಳುತ್ತಿದ್ದರು. ಸಮಾಧಾನ ಹೇಳುವವರಿಗೇನು, ಅವರಿಗೆ ಸಿಕ್ಕಾಗಿತ್ತು. ಶ್ರೀರಮಾಳಿಗೆ ಒಂದೇ ಒಂದು ಬೇಕಿತ್ತು. ಬಹುಮಾನವಲ್ಲ, ಬಡ್ತಿಯಲ್ಲ. ಅಷ್ಟು ದೂರದಿಂದ ಹೊರಟು ಬಂದ ಬೆಳಕೊಂದು ತನ್ನ ಕಣ್ಣಿಗೆ ಬೀಳಬೇಕು, ಇದು ಅದೇ ಎಂದು ಖಾತ್ರಿಯಾಗಬೇಕು, ಅಷ್ಟೆ. ಈ ಆಸೆ ಅವಳೊಳಗೆ ಎಷ್ಟು ಬೆಳೆದಿತ್ತೆಂದರೆ, ಗಂಗೆಯಲ್ಲಿ ತೇಲಿಬಿಟ್ಟ ದೊನ್ನೆಯ ಸೊಡರು ಕಂಡರೂ ಕಣ್ಣು ತಂತಾನೇ ಅದರ ಅಕ್ಕಪಕ್ಕದವನ್ನು ಲೆಕ್ಕ ಹಾಕುತ್ತಿತ್ತು.

ಫಾಲ್ಗುಣಕ್ಕೆ ಯೋಜನೆ ಮುಗಿಯುವುದಿತ್ತು. ಮುಂದೆ ಅಸ್ಸಿಯ ಪಕ್ಕದ ಲಂಕಾ ಬಡಾವಣೆಯ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುವುದೆಂದು ತೀರ್ಮಾನವಾಗಿತ್ತು. ಮಾಘದಲ್ಲಿ ಅವಳ ಕೊನೆಯ ಸರದಿ.

ಆ ಸರದಿಯ ಎರಡನೆಯ ಮಧ್ಯಾಹ್ನ ಉಪಗ್ರಹದ ಸುದ್ದಿ ಬಂತು. ಬೆಟ್ಟದ ಮೇಲೆ ದೂರದರ್ಶಕ ನೋಡಿಕೊಳ್ಳುತ್ತಿದ್ದವನು ದರ್ಶನ, ಚಾಮರಾಜನಗರದ ಕಡೆಯ ಹುಡುಗ. "ಮೇಡಂ, ಆಕಾಶ ಕ್ಲೀನಾಗಿದೆ, ಕತ್ತಲಾದ ತಕ್ಷಣ ತಿರುಗಿಸ್ತೀನಿ" ಎಂದು ಫೋನು ಮಾಡಿದ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಮೊದಲ ಚಿತ್ರ ಬಂತು. ಶ್ರೀರಮಾ ಹಳೆಯದನ್ನು ಪಕ್ಕಕ್ಕಿಟ್ಟು ನೋಡುತ್ತ ಹೋದಳು. ಒಲೆಗುಂಡಿನ ಹಾಗೆ ಮೂರು ನಕ್ಷತ್ರ ಕೂತ ಒಂದು ಜಾಗ. ಅದರ ಬಲಗಡೆ ನಾಲ್ಕನೆಯದೊಂದು. ಹಳೆಯ ಚಿತ್ರದಲ್ಲಿ ಅಲ್ಲಿ ಏನೂ ಇಲ್ಲ.

"ಅಮ್ಮಾ" ಎಂದು ಕರೆದಳು. ಧ್ವನಿ ಹೇಗೆ ಬಂತೋ, ಕೃಷ್ಣಮ್ಮ ಲಟ್ಟಣಿಗೆ ಹಿಡಿದುಕೊಂಡೇ ಬಂದರು.

ಕೃಷ್ಣಮ್ಮನಿಗೆ ಈ ಚಿತ್ರಗಳು ಹೊಸವಲ್ಲ. ಮಗಳ ಪಕ್ಕ ಕೂತು ಬತ್ತಿ ಹೊಸೆಯುತ್ತ ಎಷ್ಟೋ ಸಂಜೆ ನೋಡಿದ್ದರು. ಹೆಚ್ಚು ಬೆಳಕಿನದು ಚಿತ್ರದಲ್ಲಿ ದೊಡ್ಡ ಚುಕ್ಕಿಯಾಗಿ ಬೀಳುತ್ತದೆ, ಕಡಿಮೆಯದು ಸಣ್ಣದಾಗಿ ಎಂದು ಮಗಳೇ ಹೇಳಿಕೊಟ್ಟಿದ್ದಳು. ಈಗ ಬಗ್ಗಿ ನೋಡಿದರು.

"ಈ ಮೂರರ ಬಾಜೂಕ ಒಂದು ಅದ. ಹಳೇದರಾಗ ಇಲ್ಲ. ಇದೇನು ನಿಂದು?"

"ಗೊತ್ತಿಲ್ಲಮ್ಮ. ಇನ್ನೊಂದು ಫೋಟೋ ಬರಬೇಕು."

ಗೊತ್ತಾಗುವ ಬಗೆ ಒಂದೇ. ಆಕಾಶದಲ್ಲಿ ಹೊಸದಾಗಿ ಕಂಡದ್ದೆಲ್ಲ ಸಿಡಿತದ ಉಳಿಕೆಯಲ್ಲ. ಉಬ್ಬಿ ಇಳಿಯುವ ನಕ್ಷತ್ರಗಳಿವೆ, ಅಡ್ಡ ಹಾಯುವ ಕ್ಷುದ್ರಗ್ರಹಗಳಿವೆ. ಜಾಗ ಬದಲಿಸಿದರೆ ಅದು ಕ್ಷುದ್ರಗ್ರಹ. ಬೆಳಕು ಹೆಚ್ಚಿದರೆ ಯಾವುದೋ ಚಂಚಲ ನಕ್ಷತ್ರ. ಇದ್ದಲ್ಲೇ ಇದ್ದು ಸೊರಗುತ್ತ ಹೋದರೆ ಮಾತ್ರ ಅದು ಇವಳು ಹುಡುಕುತ್ತಿದ್ದದ್ದು. ನಿಯಮದ ಪ್ರಕಾರ ಶ್ರೀರಮಾ, ಇಂಥ ಕಡೆ ಹೊಸ ಚುಕ್ಕಿಯೊಂದು ಕಂಡಿದೆ, ಅದೇ ಇರಬಹುದು ಎಂದು ಎಲ್ಲ ವೀಕ್ಷಕರಿಗೂ ಬರೆದು ಹಾಕಿದಳು. ಮೂರು ಸಲ ತಿದ್ದಬೇಕಾಯಿತು.

ಆಗ ಬದರಿಯ ಫೋನು. ಅವನು ಯಾತ್ರಿಕರೊಂದಿಗೆ ಗಯೆಗೆ ಹೋಗಿದ್ದ. ಲಿಂಗಸುಗೂರಿನ ಒಂದು ಕುಟುಂಬ ರೈಲಿನಲ್ಲಿ ಬರುತ್ತಿದೆ, ಮಂಜಿನ ಕಾಲ, ಹೇಗೂ ಆರು ಗಂಟೆ ತಡವಾಗುತ್ತದೆ ಎಂದುಕೊಂಡಿದ್ದೆ, ಹಾಳಾದ್ದು ಇವತ್ತೇ ಸರಿಯಾದ ಹೊತ್ತಿಗೆ ಬಂದಿದೆ. ಅವರಿಗೆ ಹಿಂದಿ ಬರೂದಿಲ್ಲ, ಜೊತೆಗೆ ಅಸ್ಥಿ ಬೇರೆ ಅದ, ನೀ ಹೋಗಿ ಕರಕೊಂಡು ಬಾ ಎಂದ. ಇಲ್ಲ ಎನ್ನುವಂತಿರಲಿಲ್ಲ. ಎರಡನೆಯ ಚಿತ್ರಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು. ಅದು ತಾನಾಗಿ ಬಂದು ಮೊದಲನೆಯದರ ಪಕ್ಕ ನಿಲ್ಲುವಂತೆ ಮಾಡಿ, ತನ್ನ ಫೋನಿಗೂ ಬರುವಂತೆ ಮಾಡಿ, ಶ್ರೀರಮಾ ಸ್ವೆಟರ್ ಹಾಕಿಕೊಂಡು ಸ್ಟೇಷನ್ನಿಗೆ ಓಡಿದಳು.

ಲಿಂಗಸುಗೂರಿನ ಗಂಡ ಹೆಂಡತಿ ಸಿಕ್ಕರು. ಆಟೋ ಸಿಕ್ಕಿತು. ರಥಯಾತ್ರಾ ಚೌಕದ ಹತ್ತಿರ ಬಂದರೆ ಒಂದಲ್ಲ, ಎರಡು ಮದುವೆ ಮೆರವಣಿಗೆ ಎದುರುಬದುರಾಗಿ ನಿಂತಿದ್ದವು. ಬ್ಯಾಂಡು, ಕುದುರೆ, ತಲೆಯ ಮೇಲೆ ಝಗಮಗಿಸುವ ದೀಪ ಹೊತ್ತ ಹೆಂಗಸರು. ಬನಾರಸದಲ್ಲಿ ಮದುವೆ ದಿಬ್ಬಣಕ್ಕೆ ದಾರಿ ಬಿಡು ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಫೋನಿನಲ್ಲಿ ಚಿತ್ರ ಬಂದಿದೆ ಎಂಬ ಗುರುತು ಬಂತು, ಆದರೆ ಅಷ್ಟು ಜನ ಒಂದೇ ಕಡೆ ಸೇರಿದ್ದಕ್ಕೆ ನೆಟ್‌ವರ್ಕ್ ಕುಂಟಿ ಚಿತ್ರ ಬಿಚ್ಚಿಕೊಳ್ಳಲಿಲ್ಲ. ಬಿಳಿ ಚೌಕದೊಳಗೆ ಚಕ್ರ ಸುತ್ತುತ್ತಲೇ ಇತ್ತು.

ದರ್ಶನನ ಕರೆ ಮಾತ್ರ ಬಂತು.

"ಮೇಡಂ, ಎರಡನೇದು ಕಳಿಸಿದೀನಿ. ಇವತ್ತಿನ ರಾತ್ರಿ ಬೇರೆಯೋರದ್ದು, ಅವರು ಕಾಯ್ತಾ ಕೂತವ್ರೆ. ಅದೇನೆ ಅಂತ ನೀವು ಹೇಳುದ್ರೆ ಬಿಡಕ್ಕಿಲ್ಲ, ಬೆಳಗಾಗೋವರ್ಗೂ ತೆಗೀತೀನಿ. ಅಲ್ಲ ಅಂದ್ರೆ ಅವರಿಗೆ ಬಿಟ್ಕೊಡ್ಬೇಕು. ಬೇಗ ಹೇಳಿ."

ಶ್ರೀರಮಾ ಮನೆಗೆ ಫೋನು ಮಾಡಿದಳು. ಒಂದು ಕಿವಿಯಲ್ಲಿ ಬ್ಯಾಂಡು, ಇನ್ನೊಂದರಲ್ಲಿ ಅಮ್ಮ.

"ಅಮ್ಮಾ, ಹೊಸ ಫೋಟೋ ಬಂದದೇನು? ಆ ಮೂರರ ಬಾಜೂಕ ನೋಡು. ನಮ್ಮ ಚುಕ್ಕಿ ಹೆಂಗದ?"

ಆ ಕಡೆ ಕೃಷ್ಣಮ್ಮ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಹೇಳಿದರು: "ರಮಾ, ದೊಡ್ಡದಾಗೇದ ನೋಡವಾ."

"ದೊಡ್ಡದಾಗೇದ? ಪಕ್ಕಾ?"

"ಪೂರ್ತಿ ಆಗಿಲ್ಲ. ಆದರ ದೊಡ್ಡದಾಗಲಿಕ್ಕೆ ಹತ್ತೇದ."

ಅಮ್ಮನ ಧ್ವನಿ ಕುಂದಿತ್ತು. ದಣಿದಿದ್ದಾಳೆ ಎಂದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ಶ್ರೀರಮಾಳಿಗೆ. ಬೆಳಕು ಹೆಚ್ಚುತ್ತಿದೆ, ಅಂದರೆ ಯಾವುದೋ ಚಂಚಲ ನಕ್ಷತ್ರ. ದರ್ಶನನಿಗೆ "ನಮ್ಮದಲ್ಲ, ಬಿಟ್ಟುಬಿಡು" ಎಂದಳು. ಮೊದಲು ತಿಳಿಸಿದ್ದು ತಪ್ಪು, ಚುಕ್ಕಿ ಬೆಳಗುತ್ತಿದೆ, ಯಾರೂ ಅದರ ಹಿಂದೆ ಹೋಗಬೇಡಿ ಎಂದು ಎಲ್ಲರಿಗೂ ಎರಡು ಸಾಲು ಬರೆದು ಕಳಿಸಿದಳು. ಚಿತ್ರ ಬಿಚ್ಚಿಕೊಳ್ಳದ ಫೋನು ಈ ಎರಡು ಸಾಲನ್ನು ಮಾತ್ರ ಕಣ್ಣು ಮಿಟುಕಿಸುವುದರಲ್ಲಿ ಹೊತ್ತುಕೊಂಡು ಹೋಯಿತು.

ಅಸ್ಸಿ ತಲುಪಿದಾಗ ಲಿಂಗಸುಗೂರಿನ ಹೆಂಗಸಿಗೆ ತಲೆನೋವಿನ ಮಾತ್ರೆ ಬೇಕಿತ್ತು. ಗಲ್ಲಿಯ ಬಾಯಿಯಲ್ಲಿದ್ದ ಅಂಗಡಿಯವನು ಶಟರ್ ಎಳೆಯುತ್ತಿದ್ದ.

"ದುಕಾನ್ ಬಢಾ ದೇಹಲೀ ಬಹಿನಿ, ಕಾಲ್ಹ ಆವಾ" ಎಂದ.

"ಏನಂತಾನಿವ?" ಎಂದು ಆ ಹೆಂಗಸು ಕೇಳಿದಳು.

"ಅಂಗಡಿ ದೊಡ್ಡದು ಮಾಡೀನಿ ಅಂತಾನ, ಅಂದ್ರ..." ಎಂದು ಹೇಳಹೊರಟ ಶ್ರೀರಮಾ ಅಲ್ಲೇ ನಿಂತಳು. ಅಂದರೆ ಮುಚ್ಚಿದೆ ಎಂದು. ಮುಚ್ಚಿದೆ ಎನ್ನಬಾರದು, ಅಪಶಕುನ. ಅದಕ್ಕೆ ಬನಾರಸದ ಅಂಗಡಿಯವರು ಹೆಚ್ಚಿಸಿದೆ ಎನ್ನುತ್ತಾರೆ. ಕನ್ನಡದ ಮನೆಗಳಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಕುಂಕುಮ ತೀರುವುದಿಲ್ಲ, ಅದೂ ಹೆಚ್ಚುತ್ತದೆ. ದೀಪ ಆರುವುದಿಲ್ಲ.

ದೀಪ ದೊಡ್ಡದಾಗುತ್ತದೆ.

ಅವಳು ಯಾತ್ರಿಕರ ಚೀಲ ಹೊತ್ತುಕೊಂಡೇ ಓಡಿದಳು. ಪಾಪ, ಕೈಯಲ್ಲಿ ತಂದೆಯ ಅಸ್ಥಿ ಹಿಡಿದ ಮನುಷ್ಯ ಏನಾಯಿತೋ ಎಂದು ಗಾಬರಿಯಿಂದ ಹಿಂದೆಯೇ ಓಡಿ ಬಂದ. ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ನಿಂತಿದ್ದವು. ಎರಡನೆಯದರ ಮೇಲೆ ತೆಳು ಮೋಡ ಹಾದಿತ್ತು, ಎಲ್ಲ ನಕ್ಷತ್ರಗಳೂ ಕೊಂಚ ಮಂಕು. ಮೂರರ ಪಕ್ಕದ ಚುಕ್ಕಿ ಇದ್ದಲ್ಲೇ ಇತ್ತು, ಆದರೆ ಅವೆಲ್ಲಕ್ಕಿಂತ ಮಂಕಾಗಿತ್ತು, ಇದ್ದೂ ಇಲ್ಲದ ಹಾಗೆ. ಮೋಡದಿಂದ ಹಾಗಾಯಿತೋ ನಿಜಕ್ಕೂ ಸೊರಗಿತೋ ಈ ಒಂದು ಚಿತ್ರದಿಂದ ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಬೆಟ್ಟಕ್ಕೆ ಫೋನು ಮಾಡಿದರೆ ದೂರದರ್ಶಕ ಆಗಲೇ ಬೇರೆಯವರ ಕೈಯಲ್ಲಿತ್ತು.

"ಆರಲಿಕ್ಕೆ ಹತ್ತೇದ ಅಂತ ಯಾಕ ಅನ್ನಲಿಲ್ಲ?" ಎಂದು ಅಮ್ಮನನ್ನು ಕೇಳಿದಳು.

ಕೃಷ್ಣಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸಂಜೀ ಹೊತ್ತಿನಾಗ ದೀಪಕ್ಕ ಹಂಗ ಅಂತಾರೇನ? ಅದೂ ನೀ ಇಷ್ಟು ವರ್ಷ ಹಾದಿ ಕಾದದ್ದು."

"ಅದು ದೀಪ ಅಲ್ಲಮ್ಮ, ಚುಕ್ಕಿ. ನಿನ್ನ ಒಂದು ಮಾತಿನಿಂದ ನಂದೆಲ್ಲ ಹೋತು. ನಿನ್ನ ಕೈಯಾಗ ಕೊಟ್ಟು ಹೋದದ್ದೇ ನನ್ನ ತಪ್ಪು."

ಹೀಗೆ ಅನ್ನಬಾರದಿತ್ತು. ಅಂದ ಮೇಲೆ ಅವಳಿಗೂ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೃಷ್ಣಮ್ಮ ಒಳಗೆ ಹೋಗಿ ಲಿಂಗಸುಗೂರಿನವರಿಗೆ ಎಲೆ ಹಾಕಿದರು. ಮರುದಿನ ಇಡೀ ಹಗಲು ಕಂಪ್ಯೂಟರ್ ಇದ್ದ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಬತ್ತಿ ಹೊಸೆಯುವ ಹತ್ತಿಯ ಬುಟ್ಟಿಯನ್ನೂ ಅಲ್ಲಿಂದ ಎತ್ತಿಕೊಂಡು ಹೋಗಿದ್ದರು.

ಶ್ರೀರಮಾ ಬೆಳಿಗ್ಗೆ ಎದ್ದು ಮತ್ತೆ ಎಲ್ಲರಿಗೂ ಬರೆದಳು: ನಿನ್ನೆ ಹಿಂತೆಗೆದುಕೊಂಡದ್ದೇ ತಪ್ಪು, ದಯವಿಟ್ಟು ಮತ್ತೆ ನೋಡಿ. ಯಾರೋ ಒಬ್ಬರು ತುಂಬ ಮರ್ಯಾದೆಯಿಂದ, ಹಾಗಾದರೆ ಕೊನೆಗೆ ಯಾವುದನ್ನು ನಂಬಬೇಕು ಎಂದು ಕೇಳಿದ್ದರು. ಉಳಿದವರು ಅದನ್ನೂ ಕೇಳಲಿಲ್ಲ. ರಾತ್ರಿ ಇನ್ನೊಂದು ಸಿಡಿತವಾಗಿ ಎಲ್ಲರ ದೂರದರ್ಶಕಗಳೂ ಅತ್ತ ತಿರುಗಿದ್ದವು. ತನ್ನ ಚುಕ್ಕಿಯನ್ನು ಜಗತ್ತಿನಲ್ಲಿ ಇನ್ನಾರೂ ನೋಡಿಲ್ಲ, ಇನ್ನು ನೋಡುವುದೂ ಇಲ್ಲ ಎಂದು ಅವಳಿಗೆ ತಿಳಿಯಿತು. ಉಳಿದದ್ದು ಒಂದೇ ದಾರಿ. ಇವತ್ತು ಸಂಜೆ ಅದೇ ದೂರದರ್ಶಕದಿಂದ ಅದೇ ಜಾಗದ ಒಂದು ದೀರ್ಘ ಚಿತ್ರ. ಚುಕ್ಕಿ ಇದ್ದರೆ ಅದು ಸುಮ್ಮನೆ ಒಂದು ನಕ್ಷತ್ರ. ಇಲ್ಲದಿದ್ದರೆ, ನಿನ್ನೆ ಕಂಡದ್ದು ಅವಳದೇ. ಹುಡುಕಿದ್ದು ಕಾಣದಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡಳು.

ದರ್ಶನನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅಮ್ಮ ಏನು ಹೇಳಿದರು, ತಾನು ಏನು ಕೇಳಿಸಿಕೊಂಡೆ ಎಂಬುದನ್ನೂ ಬಿಡಲಿಲ್ಲ. ಅವನು ನಗುತ್ತಾನೆ ಎಂದುಕೊಂಡಿದ್ದಳು. ನಕ್ಕ ಕೂಡ.

"ನಮ್ಮಜ್ಜಿನೂ ಹಂಗೇ ಅನ್ನೋದು, ಮೇಡಂ. 'ದೀಪ ದೊಡ್ಡದು ಮಾಡ್ಬುಟ್ಟು ಮನೀಕೊಳ್ಳಪ್ಪ' ಅಂತ. ನಾನು ಚಿಕ್ಕೋನಿದ್ದಾಗ ಒಂದ್ಸಲ ಬತ್ತಿ ಏರಿಸಿ ಲಾಟೀನಿನ ಗಾಜು ಒಡೆದಿದ್ದೆ."

"ಹತ್ತು ನಿಮಿಷ ಸಿಗಬಹುದೇನಪ್ಪ?"

"ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ. ಇವತ್ತಿನೋರನ್ನ ಕೇಳ್ತೀನಿ. ಮೋಡ ಬೇರೆ ಬತ್ತಾ ಅದೆ. ಇದನ್ನ ಇಂಗ್ಲಿಷಲ್ಲಿ ಹೆಂಗೆ ಹೇಳ್ಲಿ ಅಂತಾನೆ ನಂಗೆ ಚಿಂತೆ."

ಹೇಗೆ ಹೇಳಿದನೋ, ಆ ರಾತ್ರಿಯ ಒಡೆಯರು ಒಪ್ಪಿದರು. ಸಂಜೆಯ ಹೊತ್ತಿಗೆ ಪಶ್ಚಿಮದ ಮೋಡ ಬೆಟ್ಟದ ಅಂಚಿಗೆ ಬಂದು ನಿಂತಿತ್ತು. ಮೂಡಣದಲ್ಲಿ ಒಂದು ತುಂಡು ಆಕಾಶ ಇನ್ನೂ ತೆರೆದಿತ್ತು. ಚಿತ್ರ ತೆಗೆದಾಯಿತು, ಕಳಿಸಿದೆ ಎಂದು ದರ್ಶನ ಸಂದೇಶ ಹಾಕಿದ. ಅದು ಬಂದು ಮಿಕ್ಕ ಎರಡರ ಪಕ್ಕದಲ್ಲಿ ನಿಂತಿತು.

ಶ್ರೀರಮಾ ನೋಡಲಿಲ್ಲ. ಕುರ್ಚಿಯಿಂದ ಎದ್ದು, ಪರದೆಗೆ ಬೆನ್ನು ಮಾಡಿ, ಅಡುಗೆಮನೆಯ ಬಾಗಿಲಿಗೆ ಹೋದಳು. ಕೃಷ್ಣಮ್ಮ ಗೋಡೆಗೆ ಒರಗಿ ಕೂತಿದ್ದರು.

"ಅಮ್ಮಾ, ಬಾ. ನೀನ ನೋಡು."

"ನಾ ಒಲ್ಲೆ. ನಿನ್ನಿ ನೋಡಿದ್ದು ಸಾಕಾಗೇದ."

"ನನಗ ಧೈರ್ಯ ಆಗವಲ್ದು. ನಿನ್ನ ಬಿಟ್ಟರ ಅದನ್ನ ನೋಡಿದವರು ಯಾರದಾರ? ನೀ ಹೇಳಿದ್ದ ಬರೀತೀನಿ."

ಕೃಷ್ಣಮ್ಮ ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಮೊಣಕಾಲಿಗೆ ಕೈಯೂರಿ ಎದ್ದರು. ಕುರ್ಚಿಯ ಮೇಲೆ ಕೂತು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಬೆರಳನ್ನು ಪರದೆಗೆ ತಾಗಿಸದೆ ಮೊದಲ ಚಿತ್ರದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಮೆಲ್ಲಗೆ ಬಂದರು. ಅಲ್ಲಿ ಬೆರಳು ನಿಂತಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಗಂಡ ತೀರಿಕೊಂಡ ದಿನ ತಲೆದೆಸೆಯಲ್ಲಿಟ್ಟ ಹಣತೆ ಗಾಳಿಗೆ ಹೋದಾಗಲೂ ಯಾವ ಮಾತನ್ನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲವೋ, ಆ ಮಾತು. ಒಮ್ಮೆ ದೇವರ ಮನೆಯ ಕಡೆ ತಿರುಗಿ ನೋಡಿದರು. ಆಮೇಲೆ, ಮಗಳು ಯಾವ ಅನುಮಾನಕ್ಕೂ ಎಡೆಯಿಲ್ಲದೆ ಕೇಳಿಸಿಕೊಳ್ಳಲಿ ಎಂದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಆರಿಹೋಗೇದ, ರಮಾ. ಪೂರ್ತಿ ಆರಿಹೋಗೇದ. ಬರಕೋ."

ಶ್ರೀರಮಾ ಅಮ್ಮನ ಭುಜದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ತಾನೂ ನೋಡಿದಳು. ಮೂರು ನಕ್ಷತ್ರ ಹಾಗೇ ಇದ್ದವು, ಬಲಗಡೆ ಕಪ್ಪು. ಇಷ್ಟು ವರ್ಷ ಹಂಬಲಿಸಿದ್ದು ಸಿಕ್ಕಿತ್ತು, ಮತ್ತು ಅದು ಈಗ ಎಲ್ಲಿಯೂ ಇರಲಿಲ್ಲ. ನಿನ್ನೆ ಸಂಜೆ ಅದನ್ನು ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂರಬೇಕಿತ್ತು ಎನಿಸಿ ಅವಳಿಗೆ ಅಳು ಬಂತು. ತಡೆಯಲಿಲ್ಲ.

ಕೃಷ್ಣಮ್ಮ ಸೆರಗಿನಿಂದ ಮಗಳ ಕಣ್ಣೊರೆಸಿದರು. "ನಾ ಹಂಗ ಅಂದದ್ದಕ್ಕ ಏನೂ ಕೆಟ್ಟದಾಗೂದಿಲ್ಲಲ್ಲ?" ಎಂದು ಕೇಳಿದರು.

"ಇಲ್ಲಮ್ಮ. ನಮಗ ಕಂಡದ್ದು ನಿನ್ನಿ, ಖರೇ. ಅದು ಆರಿ ನೂರಾರು ಕೋಟಿ ವರ್ಷ ಆಗೇದ. ಆಗ ನಮ್ಮ ಭೂಮೀನ ಇರಲಿಲ್ಲ ಅಂತ ಕಾಣಸ್ತದ. ಇದ್ದರೂ ನೋಡಾವರು ಯಾರೂ ಇರಲಿಲ್ಲ."

ಕೃಷ್ಣಮ್ಮ ಇದನ್ನು ಒಪ್ಪಲಿಲ್ಲ. ಕಪ್ಪಾಗಿದ್ದ ಆ ಜಾಗವನ್ನು ಮತ್ತೊಮ್ಮೆ ನೋಡಿದರು.

"ನೂರಾರು ಕೋಟಿ ಅಂತೀದಿ. ಆದರ ನಿನ್ನಿ, ನಾ ಒಬ್ಬಾಕಿನ ಇಲ್ಲಿ ಕೂತಾಗ, ಇನ್ನೂ ಇತ್ತಲ್ಲ."